ಕಲಿಯುವ ಪೇಟಿ

ಘೋಡಗೇರಿ,
ಗುರುವಾರ, ೧೨ ಫೆಬ್ರುವರಿ ೨೦೦೪

ಪ್ರೀತಿಯ ಸಾವಿತ್ರಿ,

ಹೇಗಿದ್ದೀ? ಮಾಘದ ಈ ಥಂಡಿಗೆ ಬೆಳಗಿನ ಜಾವ ನಿನ್ನ ದಮ್ಮು ಏಳುತ್ತದೆ ಎಂದು ಇಲ್ಲಿ ಕೂತೇ ಚಿಂತೆ ಮಾಡುತ್ತೇನೆ. ಬಾಣಂತಿಯ ಕಷಾಯ ಕಾಸುವ ಗಡಿಬಿಡಿಯಲ್ಲಿ ನಿನ್ನ ಗುಳಿಗೆ ಮರೆಯಬೇಡ. ಒಲೆ ಊದುವ ಕೆಲಸ ಅಳಿಯಂದಿರಿಗೆ ಬಿಡು. ಅವರ ಎದೆ ಗಟ್ಟಿ ಇದೆ, ಅದಕ್ಕೂ ಒಂದು ಉಪಯೋಗವಾಗಲಿ. ದೀಪಾ ಹೇಗಿದ್ದಾಳೆ, ಮೊಮ್ಮಗಳು ಯಾರ ಮೂಗು ಹೊತ್ತು ಬಂದಿದ್ದಾಳೆ, ಬೀಗಿತ್ತಿಯ ಮುರಿದ ಕಾಲು ಕೂಡಿತೋ ಇಲ್ಲವೋ, ಎಲ್ಲ ಬರೆ. ಆ ಪುಣ್ಯಾತಗಿತ್ತಿ ಬಚ್ಚಲಲ್ಲಿ ಜಾರದೆ ಇದ್ದಿದ್ದರೆ ದೀಪಾ ಹೆರಿಗೆಗೆ ನಮ್ಮ ಮನೆಗೇ ಬರುತ್ತಿದ್ದಳು, ನೀನು ಮೂಡಲಗಿಗೆ ಹೋಗಿ ತಿಂಗಳುಗಟ್ಟಲೆ ಕೂಡುವ ಪ್ರಸಂಗವೇ ಇರುತ್ತಿರಲಿಲ್ಲ. ನನ್ನ ಚಿಂತೆ ಬೇಡ. ಬಾಜೂ ಮನೆಯ ಉದ್ದವ್ವ ದಿನಾ ನಾಲ್ಕು ರೊಟ್ಟಿ ಕೊಡುತ್ತಾಳೆ. ಒಂದು ದಿನ ಸ್ವಾಭಿಮಾನ ಉಕ್ಕಿ ನಾನೇ ಬಡಿದೆ. ಆ ರೊಟ್ಟಿಯನ್ನು ಅವಳ ಎಮ್ಮೆ ಮೂಸಿ ನೋಡಿತು, ನನ್ನ ಮುಖ ನೋಡಿತು, ಆಚೆ ತಿರುಗಿ ನಿಂತಿತು. ಅಂದಿನಿಂದ ಆ ಪಾತ್ರ ಬಿಟ್ಟಿದ್ದೇನೆ.

ಅಳಿಯಂದಿರ ಅಂಗಡಿಯಲ್ಲಿ ಫೋನು ಇರುವಾಗ ಈ ಮನುಷ್ಯ ಹಾಳೆಗಟ್ಟಲೆ ಯಾಕೆ ಗೀಚಿದ ಎಂದು ನೀನು ಕೇಳಬಹುದು. ನನ್ನ ಗಂಟಲು ನಿನಗೆ ಗೊತ್ತಿಲ್ಲದ್ದೇ? ಮೈಕು ಇಲ್ಲದ ಕಾಲದಲ್ಲಿ, ಕಟ್ಟಕಡೆಯ ಸಾಲಿನಲ್ಲಿ ಕೂತು ಚುರುಮುರಿ ತಿನ್ನುವವನಿಗೂ ಮಾತು ಮುಟ್ಟಬೇಕೆಂದು, ನಾನು ಪಾತ್ರ ಹಾಕುತ್ತಿದ್ದಾಗ ನಮ್ಮ ನಾಟಕದ ಮಾಸ್ತರರು ಬಡಿದು ಬೆಳೆಸಿದ ಗಂಟಲು. ಫೋನಿನಲ್ಲಿ ನಾನು ಗುಟ್ಟು ಹೇಳಿದರೆ ಅಂಗಡಿಗೆ ಸಕ್ಕರೆ ಕಟ್ಟಿಸಿಕೊಳ್ಳಲು ಬಂದವರೆಲ್ಲ ಕೇಳಿಕೊಂಡು ಹೋಗುತ್ತಾರೆ. ಆದ್ದರಿಂದ ಈ ಅಂಕವನ್ನು ಕಾಗದದ ಮೇಲೆ ಆಡುತ್ತೇನೆ. ಪರದೆ ಏಳಲಿ, ನೀನು ಮುಂದಿನ ಸಾಲಿನಲ್ಲಿ ಕೂತಿದ್ದೀ ಎಂದುಕೊಳ್ಳುತ್ತೇನೆ.

ಬಾಪುಸಾಹೇಬನ ಪಾರ್ಟಿ ಎಂದರೆ ಮೂರು ಜನ ಎಂದು ಹುಕ್ಕೇರಿಯಿಂದ ಗೋಕಾಕದವರೆಗೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಾರ್ಮೋನಿಯಂ ಪೇಟಿಗೆ ಬಾಪುಸಾಹೇಬ, ತಬಲಾಕ್ಕೆ ಈ ಮುರಿಗೆಪ್ಪ, ಹಾಡಿಗೆ ನೀನು. ಯಾವ ಊರವರು ನಾಟಕ ಹಿಡಿದರೂ ಸಂಗೀತಕ್ಕೆ ನಮ್ಮದೇ ವೀಳ್ಯ. ಎರಡು ವರ್ಷದ ಹಿಂದೆ ದಮ್ಮು ಬಲಿತು ನೀನು ಹಾಡುವುದನ್ನು ಬಿಟ್ಟಾಗ ಆ ಜಾಗಕ್ಕೆ ಗೋಕಾಕದ ಶುಭಾಂಗಿ ಬಂದಳು. ಪಾಪದ ಹುಡುಗಿ, ಬಿ.ಎ. ಓದಿದ್ದಾಳೆ, ಗಂಟಲು ಚಲೋ ಇದೆ, ನನ್ನನ್ನು ಕಾಕಾ ಎನ್ನುತ್ತಾಳೆ. ಆದರೆ ಈಗ ಊರಿನವರು ವೀಳ್ಯ ಕೊಡುವ ಮೊದಲು ರಾಗ ಕೇಳುವುದಿಲ್ಲ, ತಾಳ ಕೇಳುವುದಿಲ್ಲ. ಕೇಳುವುದು ಒಂದೇ: "ಕ್ಯಾಸಿಯೋ ಐತೇನ್ರಿ?" ಯಾವ ಕಂಪನಿ ಮಾಡಿದರೂ ನಮ್ಮ ಕಡೆ ಆ ಕರೆಂಟಿನ ಪೇಟಿಗೆ ಅದೊಂದೇ ಹೆಸರು. ಶಿವರಾತ್ರಿಯ ಜಾಗರಣೆಗೆ ನಾಟಕ ಇಟ್ಟಿರುವ ಅಂಕಲಗಿಯವರು ಜನವರಿಯಲ್ಲೇ ಬಂದು ಬಾಪುಸಾಹೇಬನ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಮೀಸೆ ಒರೆಸಿಕೊಂಡು ಹೇಳಿದ ಮಾತು ಇದು: "ಕ್ಯಾಸಿಯೋ ಬೇಕ ಬೇಕು. ಅದರಾಗ ತಬಲಾ ಇದ್ರ ಇಬ್ಬರ ಬರ್ರಿ, ಇರಲಿಲ್ಲಂದ್ರ ಮೂವರು ಬರ್ರಿ." ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಮೂರನೆಯವನು ಯಾರು ಎಂದು ಅವರು ನನ್ನ ಕಡೆ ನೋಡಲಿಲ್ಲ. ನೋಡುವ ಅವಶ್ಯಕತೆಯೇ ಇರಲಿಲ್ಲ.

ಇನ್ನು ವಿಧಿಯ ಆಟ ನೋಡು. ಯಾವ ಪೇಟಿ ಕೊಳ್ಳಬೇಕು ಎಂದು ಆರಿಸುವ ಕೆಲಸ ಯಾರಿಗೆ ಬಂತು? ನನಗೆ. ಬಾಪುಸಾಹೇಬನಿಗೆ ನಲವತ್ತು ವರ್ಷ ಎಡಗೈಯಿಂದ ಭಾತೆ ಒತ್ತಿ ಗಾಳಿ ತುಂಬಿ ರೂಢಿ. ಅವನ ಎಡಗೈಗೆ ಬೇರೆ ವಿದ್ಯೆ ಗೊತ್ತಿಲ್ಲ, ಹೊಸ ಪೇಟಿಯ ಎದುರು ಅವನೇ ಕೂಸು. "ನಿನ್ನ ಕಿವಿ ಖರೇವ, ಮುರಿಗೆಪ್ಪಾ. ನೀ ಯಾವದಕ್ಕ ಹೂಂ ಅಂತಿ ಅದನ್ನ ತಗೊಳ್ಳೋದು," ಎಂದ. ಹೋದ ಶುಕ್ರವಾರ ಇಬ್ಬರೂ ಗೋಕಾಕಕ್ಕೆ ಹೊರಟೆವು. ಬಸ್ಸಿನಲ್ಲಿ ಕೂತು ನಾನು ನನ್ನ ಮಾತನ್ನು ಕಟ್ಟಿಕೊಂಡೆ. ನಾಟಕದ ಮಾತಿಗಿಂತ ಗಟ್ಟಿಯಾಗಿ ಬಾಯಿಪಾಠ ಮಾಡಿದೆ. ಎಲ್ಲಕ್ಕಿಂತ ಸಣ್ಣದನ್ನು, ಸಸ್ತಾದ್ದನ್ನು, ತಬಲಾ ಇಲ್ಲದ್ದನ್ನು ತೋರಿಸಿ, "ಬಾಪೂ, ನಮಗ ಇದ ಸಾಕು" ಅನ್ನಬೇಕು. ಮೋಸ ಅನ್ನಬೇಡ. ಹೊಟ್ಟೆಯ ಮಾತು ಒಂದು ಕಡೆ ಇರಲಿ, ನಾಟಕದ ಸಂಜೆ ಎಲ್ಲರೂ ಹೊರಟ ಮೇಲೆ ಮನೆಯಲ್ಲಿ ಒಬ್ಬನೇ ಕೂಡುವುದು ಹೇಗೆ ಎಂಬ ಹೆದರಿಕೆ ನನ್ನದು.

ಗೋಕಾಕದ ಆ ಅಂಗಡಿಯ ಮಾಲಕ ಭೀಮರಾಯ ಅಂತ. ಬಾಯಿ ಸಕ್ಕರೆ. ಮೂರು ಪೇಟಿಗಳನ್ನು ಸಾಲಾಗಿ ಇಟ್ಟು, ಸ್ವಯಂವರದಲ್ಲಿ ರಾಜಕುಮಾರರನ್ನು ಪರಿಚಯಿಸುವ ಸಖಿಯ ಹಾಗೆ ಒಂದೊಂದರ ಗುಣ ಹಾಡತೊಡಗಿದ. ಮೊದಲನೆಯದು ಏಳೂವರೆ ಸಾವಿರ. ಗಿಡ್ಡ, ಹಗುರ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಆರು ಸೆಲ್ಲು ಹಾಕಿದರೆ ಕರೆಂಟು ಹೋದರೂ ನುಡಿಯುತ್ತದೆ. ಒಳಗೆ ನೂರು ತಾಳವಂತೆ, ನೂರೂ ಪರದೇಶದವು. ಕೇಳಿದರೆ ಕಾಲು ಎಲ್ಲಿ ಇಡಬೇಕು ಎಂದು ತಿಳಿಯುವುದಿಲ್ಲ. ಮೆತ್ತಗೆ ಮುಟ್ಟು, ಗುದ್ದು, ಅದಕ್ಕೆ ಎರಡೂ ಒಂದೇ ದನಿ. ಎರಡನೆಯದು ಹನ್ನೆರಡು ಸಾವಿರ. ಇದು ಪೂರ್ತಿ ಉದ್ದದ್ದು, ಮುಟ್ಟಿದ ಹಾಗೆ ದನಿ ಏರುತ್ತದೆ, ಇಳಿಯುತ್ತದೆ. ಬಿಳಿ ನಾಲ್ಕರ ಶ್ರುತಿಯಲ್ಲಿ ಹಾಡುವವನು ಬಂದರೂ ಕರಿ ಒಂದರಲ್ಲಿ ಹಾಡುವವಳು ಬಂದರೂ ಒಂದು ಗುಂಡಿ ಒತ್ತಿದರೆ ಶ್ರುತಿ ಸರಿಯುತ್ತದೆ. ಬಾಪುಸಾಹೇಬನ ಕಣ್ಣು ಅಲ್ಲಿ ಅರಳಿದ್ದನ್ನು ನಾನು ಕಂಡೆ. ಇದರಲ್ಲಿ ಶಹನಾಯಿ ಇದೆ, ತಬಲಾದ ತಾಳಗಳೂ ಇವೆ. ಆದರೆ ಅವೆಲ್ಲ ಕಾರ್ಖಾನೆಯಲ್ಲಿ ತುಂಬಿ ಕಳಿಸಿದ ತಾಳ. ಅಳುವ ಹಾಡಿಗೂ ಅದೇ ಧಾಟಿ, ಹಾಸ್ಯಕ್ಕೂ ಅದೇ ಧಾಟಿ, ಮದುವೆಯ ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಾಗಿದೆ ಎಂದು ನೋಡದೆ ಬಡಿಸುತ್ತ ಓಡುವವನ ಹಾಗೆ. ಮೂರನೆಯದು ಹದಿನೆಂಟೂವರೆ ಸಾವಿರ. ಎರಡನೆಯದರ ಗುಣಗಳೆಲ್ಲ ಇದ್ದು, ಇದಕ್ಕೆ ಇನ್ನೊಂದು ವಿದ್ಯೆ ಇತ್ತು. ನಾವು ಬಾರಿಸಿದ ತಾಳವನ್ನು ಕಲಿತು ನೆನಪಿಟ್ಟುಕೊಂಡು, ಆಮೇಲೆ ತಾನೇ ಬಾರಿಸುತ್ತದೆ. ಒಂದೇ ದೋಷ, ಸೆಲ್ಲಿನ ಮೇಲೆ ನಡೆಯುವುದಿಲ್ಲ, ಕರೆಂಟು ಬೇಕು.

ಕರೆಂಟು. ಇದೇ ನನ್ನ ಬ್ರಹ್ಮಾಸ್ತ್ರವಾಗಿತ್ತು. ನಮ್ಮ ಊರುಗಳಲ್ಲಿ ಎರಡನೆಯ ಅಂಕದಲ್ಲಿ ಕರೆಂಟು ಹೋದರೆ ನಾಲ್ಕನೆಯ ಅಂಕದಲ್ಲಿ ಬರುತ್ತದೆ, ಆದ್ದರಿಂದ ಸೆಲ್ಲಿನ ಪೇಟಿಯೇ ಸರಿ, ಬೆಲೆಯೂ ಅರ್ಧಕ್ಕಿಂತ ಕಮ್ಮಿ, ಮಾತು ಮುಗಿಯಿತು. ಹೇಳಲು ಬಾಯಿ ತೆರೆದಿದ್ದೆ, ಸಾವಿತ್ರಿ. ಅಷ್ಟರಲ್ಲಿ ಭೀಮರಾಯ ಮೂರನೆಯ ಪೇಟಿಯ ಬಿಳಿ-ಕರಿ ಮನೆಗಳ ಮೇಲೆ ನನ್ನ ಬೆರಳು ಇರಿಸಿದ. ಒಂದು ಮನೆ ಒತ್ತಿದರೆ 'ನಾ', ಇನ್ನೊಂದಕ್ಕೆ 'ಧಾ', ಮತ್ತೊಂದಕ್ಕೆ 'ತಿನ್'. ಒಳಗೆ ಯಾವನೋ ದೊಡ್ಡ ಉಸ್ತಾದನ ತಬಲಾವನ್ನೇ ಹುಗಿದು ಇಟ್ಟಿದ್ದಾರೆ ಎಂದು ತೋರಿತು. ಹತ್ತು ಬೆರಳಲ್ಲಿ ನಾನೊಂದು ತುಕಡಾ ಬಾರಿಸಿದೆ. ಬಾರಿಸಬಾರದಿತ್ತು. ಬಾಗಿಲಲ್ಲಿ ಜನ ಕೂಡಿದರು. ಅರಭಾವಿ ಕಾಲೇಜಿನ ನಾಲ್ಕು ಹುಡುಗರು, ಬಾಜೂ ಅಂಗಡಿಯ ದರ್ಜಿ, ಮದುವೆ ಬ್ಯಾಂಡಿನ ಒಬ್ಬ ಮುದುಕ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಬಾಪುಸಾಹೇಬ ಎಲ್ಲರಿಗೂ ಕೇಳುವ ಹಾಗೆ, ನೀ ಹೇಳಿದ್ದೇ ಆಖರಿ ಎಂದುಬಿಟ್ಟ.

ನಿನಗೆ ಗೊತ್ತು, ಎದುರು ಹತ್ತು ಜನ ನಿಂತರೆ ಅದು ನನಗೆ ರಂಗ. ತೀರ್ಪು ಕೊಡು ಎಂದರೆ ನಾನು ಮುರಿಗೆಪ್ಪನಾಗಿ ಉಳಿಯುವುದಿಲ್ಲ, ಸಿಂಹಾಸನದ ಮೇಲೆ ಕೂತ ರಾಜನಾಗುತ್ತೇನೆ. ರಾಜನ ಪಾತ್ರ ಹಾಕಿ ಸುಳ್ಳು ತೀರ್ಪು ಕೊಡುವುದನ್ನು ಯಾವ ನಾಟಕದಲ್ಲೂ ನಾನು ಆಡಿದವನಲ್ಲ. ಕೈ ಎತ್ತಿದೆ. ಎದೆ ಉಬ್ಬಿತು. "ಏಳೂವರೆ ಸಾವಿರದ್ದು ಕಿವುಡ. ಹನ್ನೆರಡು ಸಾವಿರದ್ದು ಗಿಳಿ, ಕಲಿಸಿದಷ್ಟ ಒದರತೈತಿ. ಇದು ಶಿಷ್ಯಾ, ಬಾಪೂ. ಶಿಷ್ಯಾ ಸಿಗೂವಾಗ ಹೆಚ್ಚಿನ ಆರೂವರೆ ಸಾವಿರದ ಮಾರಿ ನೋಡಬಾರದು." ಜನ ಚಪ್ಪಾಳೆ ತಟ್ಟಿದರು. ಬ್ಯಾಂಡಿನ ಮುದುಕ ನನ್ನ ಭುಜ ತಟ್ಟಿದ. ಆ ಚಪ್ಪಾಳೆ ನಿಲ್ಲುವವರೆಗೆ ನಾನು ಏನು ಮಾಡಿದೆ ಎಂಬುದು ನನಗೇ ಹೊಳೆಯಲಿಲ್ಲ. ಭೀಮರಾಯ ಆಗಲೇ ರಟ್ಟಿನ ಡಬ್ಬಿಗೆ ಹುರಿ ಬಿಗಿಯುತ್ತಿದ್ದ. ಎಂಟು ದಿನದೊಳಗೆ ಏನಾದರೂ ದೋಷ ಕಂಡರೆ ಮರಳಿ ತೆಗೆದುಕೊಳ್ಳುತ್ತೇನೆ, ಬದಲಿಗೆ ಬೇರೆ ಕೊಡುತ್ತೇನೆ ಎಂದ. ಬಸ್ಸಿನಲ್ಲಿ ಆ ಡಬ್ಬಿ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಮಲಗಿತ್ತು. ಬಾಪುಸಾಹೇಬ ಕಿಟಕಿಯ ಆಚೆಯ ಕಬ್ಬಿನ ಗಾಡಿಗಳನ್ನು ಎಣಿಸುತ್ತಿದ್ದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ: "ನೀ ಸಣ್ಣದನ್ನ ತೋರಸ್ತಿ ಅಂತ ತಿಳಕೊಂಡಿದ್ದೆ." ಅಷ್ಟೇ. ನನಗಾಗಿ ಬಾಗಿಲು ತೆರೆದಿಟ್ಟು ಕರೆದುಕೊಂಡು ಹೋಗಿದ್ದ, ಸಾವಿತ್ರಿ. ನಾನೇ ಒಳಗಿನಿಂದ ಅಗಳಿ ಹಾಕಿಕೊಂಡೆ.

ರವಿವಾರ ಬಾಪುಸಾಹೇಬನ ಅಟ್ಟದ ಮೇಲೆ ಆ ಶಿಷ್ಯನಿಗೆ ಪಾಠ ನಡೆಯಿತು. ಪುಸ್ತಕ ಇಂಗ್ಲಿಷಿನಲ್ಲಿ ಇದೆ, ಶುಭಾಂಗಿ ಓದಿ ಓದಿ ಹೇಳಿದಳು. ಕೆಂಪು ದೀಪ ಹತ್ತಿದರೆ ಪೇಟಿ ಕೇಳಿಸಿಕೊಳ್ಳುತ್ತಿದೆ ಎಂದು ಅರ್ಥ. ಒಳಗಿನಿಂದ ಟಿಕ್ ಟಿಕ್ ಎಂದು ಎಣಿಸುತ್ತದೆ, ಆ ಎಣಿಕೆಯ ಮೇಲೆ ನಾವು ಬಾರಿಸಬೇಕು. ಹಾಸ್ಯದ ಹಾಡಿನ ತಾಳ ಕೊಟ್ಟೆ, ಕುಣಿತದ್ದು ಕೊಟ್ಟೆ, ಯುದ್ಧದ್ದು ಕೊಟ್ಟೆ, ಒಂದೊಂದಕ್ಕೂ ಒಂದೊಂದು ನಂಬರು. ಕಡೆಗೆ ಮೂರನೆಯ ಅಂಕದಲ್ಲಿ ತಾಯಿ ಹಾಡುವ ಹಾಡು ಬಂತು. ಕಣ್ಣು ಮುಚ್ಚಿ ಬಾರಿಸಿ ಮುಗಿಸಿದೆ. ಪೇಟಿ ನಾನು ಬಾರಿಸಿದ್ದನ್ನು ತಿರುಗಿ ಬಾರಿಸಿತು. ನನ್ನ ಕೈ ಅಲ್ಲಿ, ನಾನು ಇಲ್ಲಿ. ಬಾಪುಸಾಹೇಬ ಪೇಟಿಯಲ್ಲಿ ಹಾಡಿನ ಸ್ವರ ಹಿಡಿದ. ಶುಭಾಂಗಿ ಎತ್ತಿಕೊಂಡಳು. ಮೂರು ಸಾಲು ಚೆನ್ನಾಗಿ ಬಂತು, ನಾಲ್ಕನೆಯದರಲ್ಲಿ ಎಡವಿದಳು. ಮತ್ತೆ ಹಾಡಿದಳು, ಮತ್ತೆ ಅಲ್ಲೇ ಎಡವಿದಳು. ಸೋಮವಾರ ಅದೇ, ಮಂಗಳವಾರ ಅದೇ. ತನ್ನ ಲಯವೇ ಸರಿ ಇಲ್ಲ ಎಂದುಕೊಂಡು ಹುಡುಗಿ ಗಂಟಲು ಕಟ್ಟುವವರೆಗೆ ಹಾಡಿ ಕಡೆಗೆ ಮುಖ ಮುಚ್ಚಿಕೊಂಡು ಅತ್ತಳು. ಬಾಪುಸಾಹೇಬ ಪೇಟಿಯನ್ನು ಬೈದ. ತಾನು ನುಡಿಸುವಾಗ ಎಲ್ಲೂ ತಪ್ಪುತ್ತಿಲ್ಲ, ಹುಡುಗಿಯದೂ ತಪ್ಪಿಲ್ಲ, ದೋಷ ಇದರದ್ದೇ, ಬುಧವಾರ ಮರಳಿ ಕೊಟ್ಟು ಬರುತ್ತೇನೆ ಎಂದ.

ದೋಷ ಎಲ್ಲಿದೆ ಎಂದು ನನಗೆ ಮೊದಲನೆಯ ಸಲವೇ ಗೊತ್ತಾಗಿತ್ತು. ಹೇಳಲಿಲ್ಲ. ಮೂರು ದಿನ ಬಾಯಿ ಮುಚ್ಚಿ ಕೂತೆ. ಪೇಟಿ ಮರಳಿ ಹೋಗುತ್ತದೆ, ಸಣ್ಣದು ಬರುತ್ತದೆ, ಅಂಕಲಗಿಗೆ ಮೂವರು ಹೋಗುತ್ತೇವೆ. ನಾನು ಮಾಡಬೇಕಾದ್ದು ಸುಮ್ಮನೆ ಇರುವುದು ಅಷ್ಟೇ. ಒಬ್ಬ ಹುಡುಗಿ ಎದುರು ಕೂತು ಅಳುತ್ತಿರುವಾಗ ಸುಮ್ಮನೆ ಇರುವ ಪಾತ್ರವನ್ನು ಆಡಿ ನೋಡು, ಎಂಥ ಪಾತ್ರ ಅಂತ ತಿಳಿಯುತ್ತದೆ. ನಿನ್ನೆ ಡಬ್ಬಿಗೆ ತುಂಬುವ ಮೊದಲು ಕಡೆಯ ಸಲ ಎಂದು ಬಾಪುಸಾಹೇಬ ಆ ಹಾಡನ್ನು ಒಬ್ಬನೇ ನುಡಿಸಿದ. ನಾಲ್ಕನೆಯ ಸಾಲಿಗೆ ಬಂದಾಗ ಅವನ ಬೆರಳು ತಾವಾಗಿಯೇ ಅರ್ಧ ಮಾತ್ರೆ ನಿಂತವು, ಆಮೇಲೆ ತುಸು ಓಡಿ ತಾಳದ ಮೊದಲ ಪೆಟ್ಟಾದ ಸಮ್ಮನ್ನು ಅದರ ಜೊತೆಯೇ ಮುಟ್ಟಿದವು. ತನ್ನ ಬೆರಳನ್ನೇ ನೋಡುತ್ತ ಕೂತ. ಇನ್ನೊಮ್ಮೆ ನುಡಿಸಿದ. ಮತ್ತೆ ನಿಂತವು. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ: "ಮಿಶಿನ್ ತಪ್ಪಲ್ಲೋ ಇದು. ಸಾವಿತ್ರಿ ವೈನಿ ಉಸರ ತಗೊಳ್ಳೋ ಜಾಗಾ."

ಹೌದು. ಇಪ್ಪತ್ತೆರಡು ವರ್ಷ ನೀನು ಆ ಹಾಡಿನ ನಾಲ್ಕನೆಯ ಸಾಲಿಗೆ ಮುಂಚೆ ಒಂದು ಉಸಿರು ಹೆಚ್ಚು ತೆಗೆದುಕೊಂಡೆ. ಜನ ಅದನ್ನು ತಾಯಿಯ ದುಃಖ ಎಂದುಕೊಂಡು ಅತ್ತರು. ಅದು ನಿನ್ನ ಎದೆಯೊಳಗಿನ ದಮ್ಮಿನ ಮೊದಲ ಕೂಗು ಎಂದು ನಿನ್ನ ಹೊರತು ಗೊತ್ತಿದ್ದವರು ನಾನು ಮತ್ತು ಬಾಪುಸಾಹೇಬ ಇಬ್ಬರೇ. ನೀನು ಸಿಕ್ಕಿಬೀಳಬಾರದೆಂದು ನಾನು ತಾಳವನ್ನು ಅರ್ಧ ಮಾತ್ರೆ ತಡೆದು ಹಿಡಿಯುತ್ತಿದ್ದೆ, ಬಾಪುಸಾಹೇಬ ಸ್ವರವನ್ನು ಹಿಡಿಯುತ್ತಿದ್ದ. ಹಿಡಿದು ಹಿಡಿದು ಅದೇ ಹಾಡಿನ ರೂಪವಾಗಿ ನಮ್ಮ ಕೈಯಲ್ಲಿ ಕೂತುಬಿಟ್ಟಿತು. ಶುಭಾಂಗಿ ಬಂದ ಮೇಲೆ ಎದುರಿಗೆ ಅವಳ ಮುಖ ಕಾಣುತ್ತಿತ್ತು, ಹಾಗಾಗಿ ಅವಳಿಗೆ ತಕ್ಕಂತೆ ಬಾರಿಸುತ್ತಿದ್ದೆವು. ಅಟ್ಟದ ಮೇಲೆ ಕಣ್ಣು ಮುಚ್ಚಿದಾಗ ಎದುರಿಗೆ ಯಾರು ಬಂದು ನಿಂತರು ಎಂದು ಬೇರೆ ಹೇಳಬೇಕೇ? ಪೇಟಿ ಹೇಳಿಕೊಟ್ಟಂತೆ ಕಲಿತಿದೆ, ಪಾಪ. ಅದರಲ್ಲಿ ಎಳ್ಳಷ್ಟೂ ದೋಷ ಇಲ್ಲ.

ಈಗ ನನ್ನ ಸ್ಥಿತಿ ಕೇಳು. ಬಾಪುಸಾಹೇಬ ಮತ್ತೆ ನನ್ನ ಕೈಗೇ ಕೊಟ್ಟಿದ್ದಾನೆ. ಶನಿವಾರಕ್ಕೆ ಎಂಟು ದಿನ ಮುಗಿಯುತ್ತವೆ. ಅಷ್ಟರೊಳಗೆ ಸರಳವಾಗಿ ಬಾರಿಸಿ ಕೊಟ್ಟರೆ ಪೇಟಿ ಉಳಿಯುತ್ತದೆ, ಅಂಕಲಗಿಗೆ ಇಬ್ಬರು ಹೋಗುತ್ತಾರೆ. ಅಂಕಲಗಿ ಒಂದೇ ಅಲ್ಲ, ಅದರ ಮುಂದಿನ ಊರುಗಳಿಗೂ ಇಬ್ಬರೇ. ಬಾರಿಸಲಾರೆ ಎಂದರೆ ಮರಳಿ ಕೊಟ್ಟು ಸಣ್ಣದನ್ನು ತರುತ್ತಾನಂತೆ, ಬೇಜಾರಿಲ್ಲವಂತೆ. ಆದರೆ ಮರಳಿ ಕೊಡುವಾಗ ಭೀಮರಾಯನಿಗೆ ಏನು ಹೇಳುವುದು? ಅವನು ಪೇಟಿ ಹಚ್ಚಿ ಕೇಳುತ್ತಾನೆ. ಮೊನ್ನೆ ಇಲ್ಲೇ ನಿಂತು ಕೈ ಎತ್ತಿ ತೀರ್ಪು ಕೊಟ್ಟ ಮನುಷ್ಯನಿಗೆ ನಾಲ್ಕು ಸಾಲು ನೆಟ್ಟಗೆ ತಾಳ ಹಿಡಿಯಲು ಬರುವುದಿಲ್ಲ ಎಂದು ಗೋಕಾಕದ ಪೇಟೆಯೆಲ್ಲ ನಗುತ್ತದೆ. ತಾಳ ತಪ್ಪಿದವನು ಎಂಬ ಹೆಸರು ಹೊತ್ತು ಅಂಕಲಗಿಯ ರಂಗದ ಮೇಲೆ ಯಾವ ಮುಖದಿಂದ ಕೂಡಲಿ? ತಪ್ಪಿದ್ದಲ್ಲ, ತಡೆದದ್ದು ಎಂದು ಹೇಳಲೇ? ಹೇಳಿದರೆ ನಿನ್ನ ದಮ್ಮಿನ ಕಥೆಯನ್ನು ಪೇಟೆಯಲ್ಲಿ ಸಾರಿದ ಹಾಗೆ. ಅದನ್ನು ಇಪ್ಪತ್ತೆರಡು ವರ್ಷ ಮುಚ್ಚಿಟ್ಟವನು ನಾನು. ಪೇಟಿ ಉಳಿದರೆ ನನಗೆ ಜಾಗವಿಲ್ಲ, ಪೇಟಿ ಹೋದರೆ ನನಗೆ ಮುಖವಿಲ್ಲ. ಇಂಥ ಇಕ್ಕಟ್ಟಿನಲ್ಲಿ ನಾಟಕದ ರಾಜರು ಖಡ್ಗ ಎಳೆಯುತ್ತಾರೆ, ಇಲ್ಲವೇ ಪರದೆ ಬೀಳುತ್ತದೆ. ನನಗೆ ಎರಡೂ ಇಲ್ಲ. ಏನು ಮಾಡಲಿ ಎಂದು ನಿನ್ನನ್ನು ಕೇಳಬೇಕೆಂದೇ ಬರೆಯಲು ಕೂತೆ, ಆದರೆ ನಿನ್ನ ಉತ್ತರ ಮೂಡಲಗಿಯಿಂದ ಇಲ್ಲಿಗೆ ಮುಟ್ಟುವಷ್ಟರಲ್ಲಿ ಶನಿವಾರ ದಾಟಿರುತ್ತದೆ ಎಂದು ಈಗ ಹೊಳೆಯಿತು.

ಹಾಳೆ ಮುಗಿಯುತ್ತಾ ಬಂತು. ದೀಪಾಗೂ ಮೊಮ್ಮಗಳಿಗೂ ಈ ಅಜ್ಜನ ತುಂಬಿದ ಆಶೀರ್ವಾದ. ಬೀಗಿತ್ತಿಗೆ ನಮಸ್ಕಾರ ತಿಳಿಸು, ಕಾಲು ನೆಲಕ್ಕೆ ಇಡಲು ಅವಸರ ಮಾಡಬಾರದೆಂದು ಹೇಳು. ಅಳಿಯಂದಿರಿಗೆ ನಾನು ಕ್ಷೇಮ ಎಂದಷ್ಟೇ ಹೇಳು, ಕಾಗದ ತೋರಿಸಬೇಡ. ಗುಳಿಗೆ ಬಿಡಬೇಡ.

ಎಲ್ಲ ಕಾಲಕ್ಕೂ ನಿನ್ನವನಾದ,
ಮುರಿಗೆಪ್ಪ

ತಾ.ಕ.: ಶನಿವಾರ. ಕಾಗದ ಎರಡು ದಿನ ಕಿಸೆಯಲ್ಲೇ ಇತ್ತು, ಈಗ ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ನಿನ್ನೆ ಸಂಜೆ ಹೋಗಿ ಸರಳವಾಗಿ ಬಾರಿಸಿ ಬಂದೆ. ಹೊಸದನ್ನು ಇಡುವ ಮೊದಲು ಪೇಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು. ಶುಭಾಂಗಿ ಓದಿದಳು: "ಕಾಕಾ, ಹಿಂದಿಂದು ಅಳಸಲೇನು ಅಂತ ಕೇಳಾಕತ್ತೈತ್ರಿ." ಗುಂಡಿಯನ್ನು ನಾನೇ ಒತ್ತಿದೆ. ಆಮೇಲೆ ಹುಡುಗಿ ಒಂದೇ ಸಲಕ್ಕೆ ಹಾಡಿದಳು, ಬಹಳ ಚಲೋ ಹಾಡಿದಳು. ಶಿವರಾತ್ರಿಗೆ ಅಂಕಲಗಿಗೆ ಅವರಿಬ್ಬರೇ ಹೋಗುತ್ತಾರೆ. ನಾನು ಬುಧವಾರ ಮುಂಜಾನೆಯ ಬಸ್ಸಿಗೆ ಮೂಡಲಗಿಗೆ ಬರುತ್ತೇನೆ. ಮೂವತ್ತು ವರ್ಷದಲ್ಲಿ ಶಿವರಾತ್ರಿಯ ದಿನ ನಾನು ಯಾರ ಮನೆಯಲ್ಲೂ ಕೂತದ್ದಿಲ್ಲ, ಅಳಿಯಂದಿರು ಖಂಡಿತ ಕೇಳುತ್ತಾರೆ. ಮೊಮ್ಮಗಳನ್ನು ನೋಡಲು ಬಂದಿದ್ದಾರೆ ಎನ್ನು. ತಬಲಾ ಯಾಕೆ ತರಲಿಲ್ಲ ಎಂದರೆ, ಕೂಸು ಎದ್ದೀತೆಂದು ನಾನೇ ಬೇಡ ಅಂದೆ ಎಂದು ಹೇಳಿಬಿಡು.